ಬಾತುಕೋಳಿ ಲಾರಿ ಓಡಿಸಿದ ಪಾಠ

ಓದುಗ ಮಹಾಪ್ರಭುಗಳೇ, ಸೀಟಿನ ತುದಿಗೆ ಬನ್ನಿ! ಶಾಲೆಯೇ ಎರಡು ವರ್ಷ ತಿಪ್ಪರಲಾಗ ಹಾಕಿದರೂ ಓದು ಹತ್ತದ ಹುಡುಗಿಗೆ ನಲವತ್ತೇ ದಿನದಲ್ಲಿ ಓದು ಕಲಿಸಿದ ಗಂಡುಗಲಿಯ ಕಥೆ ಇದು. ಅವನು ಆ ಹುಡುಗಿಯ ಸೋದರಮಾವ. ಮಾಡುವುದು ಬೈಕ್ ತೊಳೆಯುವ ಕೆಲಸವಾದರೂ, ಅವನು ನಡೆದು ಬಂದರೆ ಹಿಂದೆ ಡ್ರಮ್ಸ್ ಬಾರಿಸಬೇಕು, ಅಂಥ ಖದರು. ಇಂಥವನನ್ನು ಸ್ವಂತ ಅಕ್ಕನೇ ಅನುಮಾನಿಸಿದಳು ನೋಡಿ.

ಅಕ್ಕ ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಆ ಸೋಮವಾರ ಮೂರನೇ ಕ್ಲಾಸಿನ ಟೀಚರ್ ಅವಳನ್ನು ಶಾಲೆಗೆ ಕರೆಸಿ, ಬಾಗಿಲು ಮುಂದೆ ಮಾಡಿ ದನಿ ತಗ್ಗಿಸಿದರು.

“ನಿಮ್ ಮಗಳು ಪುಸ್ತಕ ತಲೆಕೆಳಗೆ ಹಿಡ್ಕೊಂಡು ಓದ್ತಾಳಮ್ಮ. ನೆಟ್ಟಗೆ ಮಾಡಿ ಕೊಟ್ರೆ ಸಿಕ್ಕಿಬಿದ್ದೆ ಅಂತ ಬಾಯಿ ಕಟ್ಟುತ್ತೆ. ಮನೇಲಿ ಯಾರೋ ಬಾಯಿಪಾಠ ಮಾಡಿಸ್ತಿದ್ದಾರೆ.”

“ನಾನಂತೂ ಅಲ್ಲ ಮೇಡಮ್.”

“ಯಾರೋ ಇದ್ದಾರಲ್ಲ! ಶುಕ್ರವಾರ ಹೆಡ್ ಮೇಡಮ್ ಮುಂದೆ ಅವಳು ನೋಡೇ ಇರದ ಹಾಳೆ ಕೊಡ್ತೀವಿ. ಓದ್ಲಿಲ್ಲ ಅಂದ್ರೆ ದಿನಾ ಒಂದನೇ ಕ್ಲಾಸಲ್ಲಿ ಕೂತು ಅಕ್ಷರ ತಿದ್ಬೇಕು.”

ಅಂಗಿಯ ಗುಂಡಿಯಷ್ಟೇ ಇದ್ದಾಳೆಂದು ಮನೆಯಲ್ಲಿ ಆ ಹುಡುಗಿಯನ್ನು ಗುಂಡಿ ಎಂದೇ ಕರೆಯುತ್ತಿದ್ದರು. ಹೋದ ವರ್ಷ ಒಂದು ವಾರ ಹಾಗೆ ಚಿಕ್ಕ ಮಕ್ಕಳ ಜೊತೆ ಕೂರಿಸಿದ್ದಕ್ಕೇ ತಿಂಗಳಿಡೀ ಬೆಳಗಾದರೆ ಹೊಟ್ಟೆನೋವು ಎಂದಿದ್ದಳು. ಈ ಸಲ ಶಾಲೆಯನ್ನೇ ಬಿಟ್ಟುಬಿಟ್ಟರೆ? ಅಕ್ಕನಿಗೆ ಅದೇ ಚಿಂತೆ.

ಮನೆಗೆ ಬಂದವಳ ಕಣ್ಣು ನೆಟ್ಟಗೆ ತಮ್ಮನ ಮೇಲೆ ಬಿತ್ತು. ಇವನು ದಿನಾ ಸಂಜೆ ಒಳಕೋಣೆಯಲ್ಲಿ, ಬಟ್ಟೆ ಕತ್ತರಿಸುವ ಮೇಜಿಗೆ ಕೂತು, ಎದುರಿಗೆ ಗುಂಡಿಯನ್ನು ಕೂರಿಸಿಕೊಂಡು ಪುಸ್ತಕ ತೆರೆಯುತ್ತಿದ್ದ. ಐದೇ ನಿಮಿಷಕ್ಕೆ ಕಿಸಿಕಿಸಿ ನಗು. ಅಕ್ಕ ಮಷಿನ್ ನಿಲ್ಲಿಸಿ ಇಣುಕಿದರೆ ಇಬ್ಬರೂ ಗಪ್‌ಚಿಪ್. ಪಾಠದ ಪುಸ್ತಕದಲ್ಲಿ ಅಷ್ಟು ನಗುವಂಥದ್ದೇನಿದೆ? ಮಗಳ ಚೀಲ ಜಾಲಾಡಿದಳು. ಪಾಠ ರೆಕಾರ್ಡ್ ಮಾಡಿಟ್ಟಿದ್ದಾನೇನೋ ಎಂದು ತಮ್ಮನ ಫೋನ್ ಹುಡುಕಿದಳು. ಏನೂ ಸಿಗಲಿಲ್ಲ. ಏನೂ ಸಿಗದೆ ಅನುಮಾನ ಇನ್ನೂ ಗಟ್ಟಿಯಾಯಿತು.

“ಏನೋ ಮಾಡ್ತಿದ್ದೀಯ ನನ್ ಮಗಳಿಗೆ?”

“ಅಕ್ಕಾ, ಈ ಎದೆಗೆ ಕತ್ತರಿ ಹಾಕಿ ನೋಡು! ಸತ್ಯ ಬಿಟ್ಟು ಬೇರೇನೂ ಉದುರಲ್ಲ!”

“ಡೈಲಾಗ್ ಆಮೇಲೆ ಹೊಡಿ. ಬಾಯಿಪಾಠ ಮಾಡಿಸ್ತಿದ್ದೀಯಾ?”

“ಛೆ, ಛೆ! ಓದಿ ಹೇಳ್ತೀನಿ, ಅಷ್ಟೇ.”

ಹೇಳುತ್ತ ಕಿವಿ ಕೆರೆದುಕೊಂಡ. ಸುಳ್ಳು ಹೇಳುವಾಗ ಇವನ ಕೈ ಕಿವಿಗೆ ಹೋಗುವುದು ಅಕ್ಕನಿಗೆ ಚಿಕ್ಕಂದಿನಿಂದ ಗೊತ್ತು.

ಶುಕ್ರವಾರ ಶಾಲೆಯಲ್ಲಿ ಅಕ್ಕನನ್ನೂ ಗುಂಡಿಯನ್ನೂ ಎದುರಿಗೆ ಕೂರಿಸಿಕೊಂಡು ಹೆಡ್ ಮೇಡಮ್ ಡ್ರಾಯರಿನಿಂದ ಒಂದು ಹಾಳೆ ತೆಗೆದರು. ಹೊಸ ಫ್ಯಾನಿನ ಡಬ್ಬದಲ್ಲಿ ಬಂದದ್ದು. ಗುಂಡಿ ಅದನ್ನು ಮೆಲ್ಲಗೆ ತಿರುಗಿಸಿ ತಲೆಕೆಳಗೆ ಮಾಡಿಕೊಂಡಳು.

“ನೋಡಿದ್ರಾ?” ಎಂದರು ಟೀಚರ್.

ಗುಂಡಿಯ ಬೆರಳು ಬಲದಿಂದ ಎಡಕ್ಕೆ ಹೊರಟಿತು. “ರೆಕ್ಕೆ... ಜೋಡಿಸುವ... ಮುನ್ನ... ಸ್ವಿಚ್ಚು... ಆರಿಸಿ.”

ಫ್ಯಾನಿನ ಹಾಳೆಯನ್ನು ಯಾರು ತಾನೇ ಬಾಯಿಪಾಠ ಮಾಡಿಸುತ್ತಾರೆ? ಬಟ್ಟೆಯನ್ನು ಒಳಮಗ್ಗುಲಿನಿಂದಲೇ ಹೊಲಿಯುವ ಅಕ್ಕನಿಗೆ ಆಗ ತಟ್ಟನೆ ಹೊಳೆಯಿತು.

“ಮೇಡಮ್, ಇವರಿಬ್ರೂ ಮೇಜಿಗೆ ಎದುರುಬದುರು ಕೂರ್ತಾರೆ. ಪುಸ್ತಕ ಇರೋದು ನನ್ ತಮ್ಮನ ಕಡೆಗೆ. ಇವಳು ಓದೋದನ್ನೇ ತಲೆಕೆಳಗೆ ನೋಡಿ ಕಲ್ತಿದ್ದಾಳೆ!”

ಟೀಚರ್ ಹಾಳೆಯನ್ನೊಮ್ಮೆ, ಹುಡುಗಿಯನ್ನೊಮ್ಮೆ ನೋಡಿದರು. “ತಪ್ಪಾಯ್ತು ಕಣಮ್ಮ. ನಾಳೆಯಿಂದ ನನ್ ಪಕ್ಕ ಕೂತ್ಕೋ, ನೆಟ್ಟಗೆ ಓದೋದು ರೂಢಿ ಆಗುತ್ತೆ.”

“ನಿಮ್ ಮಾಮ ಒಳ್ಳೇ ಮೇಷ್ಟ್ರು ಕಣೆ,” ಎಂದರು ಹೆಡ್ ಮೇಡಮ್.

“ಮಾಮ ಸುಳ್ಳು ಓದ್ತಾರೆ ಮೇಡಮ್! ಬಾತುಕೋಳಿ ಲಾರಿ ಓಡಿಸ್ಕೊಂಡು ಹೋಗಿ ವಿಲನ್‌ಗೆ ಗುದ್ದಿತು ಅಂದ್ರು. ಲಾರಿಗೆ ‘ಲಾ’ ಬೇಕಲ್ವಾ? ಶಾಲೇಲಿ ಕಲಿಸಿದ ಬಿಡಿ ಅಕ್ಷರ ಗೊತ್ತಿತ್ತು, ಹುಡುಕಿದೆ, ಆ ಪುಟದಲ್ಲಿ ‘ಲಾ’ ಇರ್ಲೇ ಇಲ್ಲ. ಆಮೇಲೆ ದಿನಾ ಒಂದೊಂದೇ ಅಕ್ಷರ ಕೂಡಿಸಿ ಓದೋದು ಕಲ್ತೆ.”

ಅಕ್ಕ ಮನೆಗೆ ಬಂದವಳೇ ತಮ್ಮನ ಮುಂದೆ ಪುಸ್ತಕ ಇಟ್ಟಳು. “ಓದು.”

ಸರಿ, ಇನ್ನು ಮುಚ್ಚಿಟ್ಟು ಏನುಪಯೋಗ. ಆ ಗಂಡುಗಲಿ ನಾನೇ. ನಾನು ಕಲಿಸಿದ್ದು ಏನೂ ಇಲ್ಲ. ನನ್ನನ್ನೂ ಚಿಕ್ಕವನಿದ್ದಾಗ ಹಾಗೇ ಕೆಳಗಿನ ಕ್ಲಾಸಿನಲ್ಲಿ ಕೂರಿಸಿದ್ದರು. ಅಂದಿನಿಂದ ಪಕ್ಕದವರ ಬಾಯಿ ನೋಡಿಕೊಂಡೇ ಶಾಲೆ ದಾಟಿದೆ. ಬೈಕಿನ ನಂಬರ್ ಓದುತ್ತೇನೆ, ಪುಸ್ತಕದ ಸಾಲು ಬರುವುದಿಲ್ಲ. ಅದಕ್ಕೇ ಚಿತ್ರದಲ್ಲಿದ್ದ ಬಾತುಕೋಳಿಗೆ ಲಾರಿ ಕೊಟ್ಟೆ. ಪಕ್ಕ ಕೂತರೆ ಸಿಕ್ಕಿಬೀಳುತ್ತೇನೆಂದು ಎದುರು ಕೂತೆ. ಒಂಬತ್ತನೇ ದಿನವೇ ಗುಂಡಿ ನನ್ನ ಸುಳ್ಳು ಹಿಡಿದಳು, ಆ ಶುಕ್ರವಾರದವರೆಗೆ ಯಾರಿಗೂ ಹೇಳಲಿಲ್ಲ. ಆಮೇಲೆ ಓದಿದವಳು ಅವಳು, ಅವಳ ಹಿಂದೆ ತಪ್ಪುತಪ್ಪಾಗಿ ಹೇಳಿದವನು ನಾನು. ಆ ನಗು ಅದೇ.

ಈ ಕಥೆಯನ್ನೂ ನಾನು ಹೇಳಿದೆ, ಅಕ್ಕ ಬರೆದುಕೊಂಡಳು. ‘ಗಂಡುಗಲಿ’ ಹೊಡೆದುಹಾಕಲಾ ಎಂದು ಕೇಳಿದಳು. ಇರಲಿ ಬಿಡು ಎಂದೆ. ಕಿವಿ ಕೆರೆಯುತ್ತಿತ್ತು.