ಕಂಪ್ಯೂಟರ್ ಕೇಳಿದ ಅನುಮತಿ

ಕರಕ್ ಬೆಟ್ಟದ ಕೆಳಗಿನ ನಮ್ಮ ನೀರಿನ ಕಚೇರಿಯಲ್ಲಿ ಫೋನ್ ಎತ್ತುವುದು ಇಂತಿಸಾರ್. ಹುಟ್ಟಿನಿಂದ ಕಣ್ಣು ಕಾಣದು. ದನಿ ಕೇಳಿದರೆ ಸಾಕು, ಯಾವ ಬೀದಿಯ ಯಾರ ಮನೆ ಎಂದು ಹೇಳುತ್ತಾಳೆ. ತಿಂಗಳ ಕೊನೆಗೆ ದೂರುಗಳೆಲ್ಲ ಫೋನ್ ಬಿಟ್ಟು ಕಂಪ್ಯೂಟರಿಗೆ ಬರಲಿದ್ದವು. ಪರದೆಯನ್ನು ಓದಿ ಹೇಳುವ ತಂತ್ರಾಂಶ ಇಲ್ಲದಿದ್ದರೆ ಅವಳನ್ನು ಮನೆಗೆ ಕಳಿಸುವುದು ಗ್ಯಾರಂಟಿ.

ತಂತ್ರಾಂಶ ಪುಕ್ಕಟೆ, ಕೈಯಲ್ಲೇ ಇತ್ತು. ಆದರೆ ಹಾಕಲು ಹೋದಾಗಲೆಲ್ಲ ಕಂಪ್ಯೂಟರ್ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತಿತ್ತು. ಮೌಸಿನ ಬಲಗುಂಡಿ ಒತ್ತಿ ಅಡ್ಮಿನ್ ಆಗಿ ತೆರೆಯಲು ನೋಡಿದೆ, ಬೇರೆ ಫೋಲ್ಡರಿಗೆ ಹಾಕಿದೆ, ಆಫ್ ಮಾಡಿ ಆನ್ ಮಾಡಿದೆ. ಎಲ್ಲ ನೀರಲ್ಲಿ ಹೋಮ. ಪಾಸ್‌ವರ್ಡ್ ಇದ್ದದ್ದು ಅಬು ರಾಕಾನರ ತಲೆಯಲ್ಲಿ. ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದ ಅವರು, ನಿವೃತ್ತಿಯ ದಿನ ಯಾರೂ ಬೀಳ್ಕೊಡಲಿಲ್ಲವೆಂದು ಮುನಿದು ಅದನ್ನು ಹೇಳದೆ ಹೋಗಿದ್ದರು.

ಅವರ ಮನೆಗೇ ಹೋದೆವು: ನಿರ್ದೇಶಕ ಮುಫ್ಲಿಹ್, ನಾನು, ಇಂತಿಸಾರ್. ನಮ್ಮ ಕಡೆ ಬೇಡಿಕೆ ಹೊತ್ತು ಹೋದವರು ಕಾಫಿ ಕುಡಿಯದೆ ಬಟ್ಟಲನ್ನು ಮುಂದಿಟ್ಟುಕೊಂಡು ಕೂರಬೇಕು. ಮನೆಯವರು ‘ಕುಡೀರಿ’ ಎಂದರೆ ಕೇಳಿದ್ದು ಸಿಕ್ಕಂತೆ. ಬಂದವರಲ್ಲಿ ಹಿರಿಯರು ಅದಕ್ಕೆ ಮೊದಲೇ ಕುಡಿದರೆ ಬಂದದ್ದು ಬರೀ ಭೇಟಿಗೆ ಎಂದರ್ಥ. ಮುಫ್ಲಿಹರಿಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೂ ಮಹಾಶಯರು ತಮ್ಮ ಬಡ್ತಿಯ ಕಥೆ ಹೇಳುವ ಭರದಲ್ಲಿ ಬಟ್ಟಲೆತ್ತಿ ಗುಟುಕರಿಸಿಬಿಟ್ಟರು. ನನಗೆ ಮೈಯೆಲ್ಲ ಉರಿಯಿತು.

ಅಬು ರಾಕಾನರ ಮುಖ ಅರಳಿತು.

“ಕುಡಿದ್ರಲ್ಲ, ಸಂತೋಷ. ಯೋಗಕ್ಷೇಮ ವಿಚಾರಿಸೋಕೆ ಬಂದಿರಿ ಅನ್ಸುತ್ತೆ. ಮತ್ತೇನ್ ಸಮಾಚಾರ?”

ಮುಫ್ಲಿಹ್ ಬಟ್ಟಲನ್ನು ಮೆಲ್ಲನೆ ಕೆಳಗಿಟ್ಟರು.

“ನಾನಿನ್ನೂ ಕುಡಿದಿಲ್ಲ, ಚಿಕ್ಕಪ್ಪ,” ಎಂದಳು ಇಂತಿಸಾರ್.

“ನಿಮ್ಮ ಹಿರಿಯರು ಕುಡಿದಾಯ್ತಲ್ಲಮ್ಮ.”

“ಅವರು ಬಾಯಾರಿಕೆಗೆ ಕುಡಿದ್ರು. ಕೆಲಸ ಹೋಗೋದು ನಂದು.”

ಅಬು ರಾಕಾನ್ ಏಳಲು ಹೊರಟರು. ಅವಳು ಬಿಡಲಿಲ್ಲ.

“ಯಾರೂ ಬೀಳ್ಕೊಡ್ಲಿಲ್ಲ ಅಂತೀರಲ್ಲ. ಆವತ್ತು ನಿಮ್ಮ ಹೆಜ್ಜೆ ಸಪ್ಪಳ ಕೇಳಿ ನಾನು ಎದ್ದು ನಿಂತಿದ್ದೆ. ನೀವೇ ನೋಡ್ಲಿಲ್ಲ.”

ಅವರು ತಲೆ ತಗ್ಗಿಸಿದರು. ಆಮೇಲೆ ಮೆಲ್ಲಗೆ, “ಕುಡಿ ಮಗಳೇ. ಅಯ್ಯೋ, ತಣ್ಣಗಾಗೋಯ್ತು. ಬಿಸೀದು ತರಿಸ್ತೀನಿ ತಡಿ,” ಎಂದರು.

“ಇದೇ ಸಾಕು,” ಎಂದು ಒಂದೇ ಗುಟುಕಿಗೆ ಮುಗಿಸಿದಳು.

ಮರುದಿನ ಬೆಳಿಗ್ಗೆ ಅಬು ರಾಕಾನ್ ಕಚೇರಿಗೇ ಬಂದರು. ಪಾಸ್‌ವರ್ಡ್ ಒತ್ತಿ ತಂತ್ರಾಂಶ ಹಾಕಿದರು. ಅಷ್ಟಕ್ಕೇ ನಿಲ್ಲದೆ ಆ ಕಂಪ್ಯೂಟರಿನ ಅಡ್ಮಿನ್ ಅಧಿಕಾರವನ್ನೂ ಇಂತಿಸಾರಳ ಹೆಸರಿಗೆ ಮಾಡಿದರು.

“ನನ್ನ ಹೆಸರಿಗಲ್ವಾ?” ಎಂದರು ಮುಫ್ಲಿಹ್.

“ನಿಮಗೆ ಮೊನ್ನೆ ಬಡ್ತಿ ಸಿಕ್ತಲ್ಲ ಸಾಹೇಬರೇ, ಸಾಲ್ದಾ?”

ಇಂತಿಸಾರ್ ಹೆಡ್‌ಫೋನ್ ಹಾಕಿಕೊಂಡಳು. ಪರದೆ ಓದುವ ದನಿ ಗೊಗ್ಗರಾಗಿದೆಯೆಂದು ಬೇರೊಂದು ದನಿ ಸೇರಿಸಲು ಹೋದವಳು ಥಟ್ಟನೆ ಕೈ ತಡೆದಳು.

“ಏನಾಯ್ತು? ಮತ್ತೆ ಪಾಸ್‌ವರ್ಡ್ ಕೇಳ್ತಾ?” ಎಂದೆ.

“ಇಲ್ಲ. ಹೊಸದು ಸೇರಿಸ್ಬೇಕು, ಅನುಮತಿ ಕೊಡ್ತೀರಾ ಅಂತ ಕೇಳ್ತಿದೆ.” ಅವಳು ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡಳು. “ನನ್ನನ್ನ ಕೇಳ್ತಿದೆ.”

ನನ್ನ ಕಣ್ಣು ತುಂಬಿತು. ಅವಳು ತಡವಿ ಗುಂಡಿ ಹುಡುಕಿದಳು. ಆದರೆ ತಕ್ಷಣ ಒತ್ತಲಿಲ್ಲ, ಆ ಪ್ರಶ್ನೆಯನ್ನು ಇನ್ನೊಮ್ಮೆ ಓದಿಸಿ ಕೇಳಿದಳು.