ನೆರಿಗೆಯಿಲ್ಲದ ನಕ್ಷೆ

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ತಂಗಿ ಆಡಿಕೊಳ್ಳುವುದುಂಟು. ಮಗಳ ಭೂಗೋಳದ ಹಾಳೆಯ ಮೇಲೆ ಕೆಂಪು ಸೊನ್ನೆ ಕಂಡ ದಿನ ಅದು ನೆತ್ತಿಗೇರಿತು.

ದೂರದ ಎರಡು ವಿಮಾನ ನಿಲ್ದಾಣಗಳನ್ನು ಆರಿಸಿಕೊಂಡು, ನಡುವಿನ ದೂರವನ್ನೂ ಹಾರಾಟದ ಹೊತ್ತನ್ನೂ ಬರೆದು ತರಬೇಕಿತ್ತು. ವೇಗ ಗಂಟೆಗೆ ಒಂಬೈನೂರು ಕಿಲೋಮೀಟರ್ ಎಂದು ಮೇಷ್ಟ್ರೇ ಹೇಳಿದ್ದರು. ತಂಗಿ ಹೊಸ ಕೆಲಸಕ್ಕೆಂದು ಪರದೇಶಕ್ಕೆ ಹೊರಟಿದ್ದಳು. ಮಗಳು ಅದೇ ದಾರಿ ಆರಿಸಿಕೊಂಡಳು. ನನ್ನ ಹೊಲಿಗೆ ಡಬ್ಬಿಯ ದಾರವನ್ನು ಗ್ಲೋಬಿನ ಮೇಲೆ ಬಿಗಿಯಾಗಿ ಹಿಡಿದು ಅಳೆದಳು. ಒಂಬತ್ತು ಸಾವಿರದ ಒಂಬೈನೂರು ಕಿಲೋಮೀಟರ್, ಹನ್ನೊಂದು ಗಂಟೆ. ಮೇಷ್ಟ್ರು ಗೋಡೆಯ ನಕ್ಷೆಗೆ ಸ್ಕೇಲು ಇಟ್ಟರು. ಹದಿಮೂರೂವರೆ ಸಾವಿರ, ಹದಿನೈದು ಗಂಟೆ. ಬಾಯಿಗೆ ಬಂದದ್ದು ಬರೆದಿದ್ದಾಳೆ ಎಂದು ಶಾಲೆಗಳ ಸ್ಪರ್ಧೆಯ ತಂಡದಿಂದ ಅವಳ ಹೆಸರನ್ನೇ ಹೊಡೆದುಹಾಕಿದರು. ವರ್ಷವಿಡೀ ಅದಕ್ಕಾಗಿ ಓದಿದ್ದ ಹುಡುಗಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ತಪ್ಪು ಅವಳದಾಗಿದ್ದರೆ ನಾನೇ ಕಿವಿ ಹಿಂಡುತ್ತಿದ್ದೆ. ಆದರೆ ಇಪ್ಪತ್ತು ವರ್ಷ ಬಟ್ಟೆ ಹೊಲಿದವಳು ನಾನು, ಅಳತೆ ಗೊತ್ತಿಲ್ಲವೇ?

ತಂಡದ ಪಟ್ಟಿ ಕಳಿಸುವ ದಿನ ಬೆಳಗ್ಗೆ ಐದಕ್ಕೆ ತಂಗಿಯ ವಿಮಾನ ಮೇಲೆದ್ದಿತು. ಇಳಿದ ಕೂಡಲೇ ಶಾಲೆಯ ಆಫೀಸಿಗೆ ಫೋನ್ ಮಾಡು ಎಂದು ಅವಳಿಗೆ ಹೇಳಿಯೇ ಕಳಿಸಿದ್ದೆ. ಸಂಜೆ ನಾಲ್ಕಕ್ಕೆ ಒಂದು ತುಂಡು ಲೈನಿಂಗ್ ಬಟ್ಟೆಯನ್ನೂ ಮಗಳು ಅಳೆದ ದಾರವನ್ನೂ ಹಿಡಿದು ಹೆಡ್‌ಮಿಸ್ಸಿನ ಕೋಣೆಗೆ ನುಗ್ಗಿದೆ. ಮೇಷ್ಟ್ರು ಅಲ್ಲೇ ಪಟ್ಟಿಯನ್ನು ಲಕೋಟೆಗೆ ಹಾಕುತ್ತಿದ್ದರು. ಮೇಜಿನ ಮೇಲಿದ್ದ ಗ್ಲೋಬಿಗೆ ಬಟ್ಟೆ ಹೊದಿಸಿದೆ. ಅಂಚಿನ ಸುತ್ತ ನೆರಿಗೆಗಳೆದ್ದವು.

"ಮೇಷ್ಟ್ರೇ, ದುಂಡಗಿರೋದಕ್ಕೆ ಬಟ್ಟೆ ಹೊದಿಸಿದ್ರೆ ನೆರಿಗೆ ಬಿದ್ದೇ ಬೀಳುತ್ತೆ. ನಿಮ್ಮ ನಕ್ಷೇಲಿ ಒಂದೂ ನೆರಿಗೆ ಇಲ್ಲ. ಅಂದ್ರೆ ಯಾರೋ ಎಳೆದು ಚಪ್ಪಟೆ ಮಾಡಿದ್ದಾರೆ. ಎಳೆದು ಹಿಡಿದ ಬಟ್ಟೆನ ಅಳೆದ್ರೆ ಅಳತೆ ಸರಿ ಬರುತ್ತಾ?"

ವಿಮಾನ ಟೇಪು ಹಿಡಿದು ಹಾರುವುದಿಲ್ಲ ಎಂದು ಮೇಷ್ಟ್ರು ನಕ್ಕರು. ನನ್ನ ತಂಗಿ ಬೆಳಗ್ಗೆ ಐದಕ್ಕೆ ಅದೇ ದಾರಿಯಲ್ಲಿ ಹೊರಟಿದ್ದಾಳೆ, ಇಳಿದೊಡನೆ ಇಲ್ಲಿಗೇ ಫೋನ್ ಮಾಡುತ್ತಾಳೆ ಎಂದೆ. ಅವಳು ಇಳಿಯುವುದು ನಮ್ಮ ಗಡಿಯಾರದ ರಾತ್ರಿ ಎಂಟಕ್ಕೇ ಎಂದು ಖಂಡಿತವಾಗಿ ಹೇಳಿ ಲಕೋಟೆಗೆ ಅಂಟು ಹಚ್ಚಿದರು. ನಾಲ್ಕೂ ಕಾಲಾಯಿತು. ನಾನು ಫೋನನ್ನೇ ನೋಡುತ್ತಿದ್ದೆ. ವಿಮಾನ ತಡವಾಗಿದ್ದರೆ? ದಾರಿಯಲ್ಲಿ ಗಾಳಿ ಎದುರಾಗಿದ್ದರೆ?

ನಾಲ್ಕು ಇಪ್ಪತ್ತಕ್ಕೆ ಫೋನು ಹೊಡೆದುಕೊಂಡಿತು. ಹೆಡ್‌ಮಿಸ್ಸು ಎತ್ತಿ, ಕೇಳಿ, ಮೇಷ್ಟ್ರ ಕೈಗಿತ್ತರು.

"ಇಳಿದ್ರಾ?" ಎಂದು ಮೇಷ್ಟ್ರು ಎರಡೆರಡು ಸಲ ಕೇಳಿದರು. ಗೋಡೆ ಗಡಿಯಾರ ನೋಡಿದರು. ಫೋನನ್ನು ಮೇಜಿನ ಮೇಲಿಟ್ಟು ನನ್ನಿಂದ ದಾರ ಇಸಿದುಕೊಂಡು ತಾವೇ ಗ್ಲೋಬಿನ ಮೇಲೆ ಅಳೆದರು. ಆಮೇಲೆ ಲಕೋಟೆ ಹರಿದು ಪಟ್ಟಿಯಲ್ಲಿ ಮಗಳ ಹೆಸರನ್ನು ಎಲ್ಲರಿಗಿಂತ ಮೇಲೆ ಬರೆದು, ಅವಳನ್ನು ಕರೆಸಿದರು.

"ತಪ್ಪು ನಂದಮ್ಮಾ. ನಾಳೆ ಈ ದಾರ ತಗೊಂಡು ಬಾ. ಕ್ಲಾಸಿಗೆ ನೀನೇ ಹೇಳಿಕೊಡು."

ಅಷ್ಟು ಹೊತ್ತು ಜಗಳಕ್ಕೆ ನಿಂತಿದ್ದವಳು ಗಳಗಳ ಅತ್ತುಬಿಟ್ಟೆ. ಖುಷಿಗೆ. ಮೇಜಿನ ಮೇಲಿನ ಫೋನಿನಲ್ಲಿ ತಂಗಿ ಇನ್ನೂ ಅಕ್ಕಾ, ಏನಾಯ್ತೇ ಎಂದು ಕೇಳುತ್ತಲೇ ಇದ್ದಳು. ನಾನು ಕೈ ಚಾಚುವುದರೊಳಗೆ ಮಗಳು ಅದನ್ನು ಎತ್ತಿಕೊಂಡಳು.

"ಚಿಕ್ಕಮ್ಮಾ, ನೀನು ಸರಿಯಾದ ಟೈಮಿಗೆ ಇಳಿದೆ," ಎಂದಳು.