ಯಾರಣ್ಣಾ ನೀವು?

ನಮ್ಮ ಮಾವ ಪಿಳ್ಳಪ್ಪನವರು ಮಾತಾಡಿದರೆ ಮುತ್ತು ಉದುರೀತು ಅನ್ನುವ ಪೈಕಿ. ಸೂಲಿಬೆಲೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ನಾನು ಇವರನ್ನು ಮೂಗರೆಂದೇ ತಿಳಿದಿದ್ದೆ. ಅತ್ತೆ ವರಲಕ್ಷ್ಮಮ್ಮ ಅವರ ಮುಖ ನೋಡಿಯೇ ಸಂಸಾರ ನಡೆಸಿದವರು. ಹುಬ್ಬು ಮೇಲೆದ್ದರೆ ಕಾಫಿ, ಗಂಟಿಕ್ಕಿದರೆ ಸಾರಿಗೆ ಉಪ್ಪು ಕಮ್ಮಿ. ಮಾತಿನ ಅಗತ್ಯವೇ ಬೀಳಲಿಲ್ಲ.

ತೊಂಬತ್ತಮೂರನೇ ಇಸವಿಯಲ್ಲಿ ಅತ್ತೆಯ ನೋಟ ದಾರಿ ತಪ್ಪಿತು. ಲೋಟ ಇರುವ ಕಡೆ ಬಿಟ್ಟು ಪಕ್ಕದ ಗಾಳಿಗೆ ಕೈ ಹಾಕುವರು. ಸಂಜೆ ಬಿಸಿಲು ಬಾಗಿಲಿಂದ ಬಿದ್ದು ನಡುಮನೆಯ ಕೆಂಪು ಸಿಮೆಂಟಿನ ನೆಲ ಹೊಳೆದರೆ, ಸೀರೆ ಮೊಣಕಾಲಿಗೆ ಎತ್ತಿಕೊಂಡು ಮೆಲ್ಲಗೆ ದಾಟುವರು. "ಹುಷಾರು ಕಣೇ, ನೀರು ಆಳ ಐತೆ" ಎಂದು ನನಗೂ ಹೇಳುವರು. ಪೊರೆ ತೆಗೆಸಿದ್ದಾಯಿತು, ಕನ್ನಡಕ ಬದಲಾಯಿಸಿದ್ದಾಯಿತು. ಕೊನೆಗೆ ಬೆಂಗಳೂರಿನ ನರದ ಡಾಕ್ಟರು ಹೇಳಿದರು: "ಕಣ್ಣು ಸರಿಯಾಗಿದೆಯಮ್ಮ. ಮಿದುಳಿನ ಹಿಂಭಾಗ ಸವೆಯುತ್ತಿದೆ. ಕಣ್ಣು ತಂದಿದ್ದನ್ನು ಅದು ಜೋಡಿಸೋದಿಲ್ಲ. ಮೂಗು ಬೇರೆ, ಮೀಸೆ ಬೇರೆ ಕಾಣುತ್ತೆ. ಎಲ್ಲಾ ಸೇರಿ ಒಂದು ಮುಖ ಆಗೋದಿಲ್ಲ. ದನಿ ಮಾತ್ರ ಗುರುತು ಹಿಡೀತಾರೆ."

ಒಂದು ಸಂಜೆ ಮಾವ ಡೈರಿಗೆ ಹಾಲು ಹಾಕಿ ಬಂದರು. ಅತ್ತೆ ತಟ್ಟನೆ ತಲೆ ಮೇಲೆ ಸೆರಗು ಹೊದ್ದು ಎದ್ದು ನಿಂತರು.

"ಯಾರಣ್ಣಾ ನೀವು? ನಮ್ಮನೆಯವ್ರು ಡೈರಿಗೆ ಹೋಗವ್ರೆ. ಜಗಲಿ ಮೇಲೆ ಕೂತಿರಿ, ಬರ್ತಾರೆ."

ಕಟ್ಟಿಕೊಂಡವಳ ಬಾಯಲ್ಲಿ ಅಣ್ಣ ಅನ್ನಿಸಿಕೊಂಡ ಮನುಷ್ಯ ಆಗಲಾದರೂ ತುಟಿ ಬಿಚ್ಚಬೇಕೋ ಬೇಡವೋ? ಹೇಳಿದಂತೆ ಹೋಗಿ ಜಗಲಿ ಮೇಲೆ ಕೂತರು. ನನಗೆ ರೇಗಿಹೋಯಿತು.

"ಬಾಯಲ್ಲಿ ಕಡುಬು ಇಟ್ಕೊಂಡಿದ್ದೀರಾ ಮಾವ? ಮಾತಾಡಿ. ದನಿ ಕೇಳಿದ್ರೆ ಗೊತ್ತಾಗ್ತದೆ ಅಂತ ಡಾಕ್ಟ್ರು ಹೇಳಿಲ್ವಾ?"

"ಏನಂತ ಮಾತಾಡ್ಲವ್ವ?"

"ಕಂಡಿದ್ದು ಹೇಳಿ."

ಮಾರನೆಯ ದಿನದಿಂದ ಶುರುವಾಯಿತು. "ನಾನು ಕಣೇ, ಬಂದೆ" ಎಂದು ಬೀದಿಯಿಂದಲೇ ಕೂಗುವರು. "ದೊಡ್ಡಬೀರಪ್ಪನ ಹಸ ಅವಳಿ ಕರು ಹಾಕೈತೆ. ಕೆರೆಗೆ ಬಕ ಇಳಿದವೆ, ನೀರೇ ಕಾಣ್ದಂಗೆ ಬೆಳ್ಳಗೆ." ಅತ್ತೆ ಕಣ್ಣು ಮುಚ್ಚಿಕೊಂಡು "ಹೂಂ, ಆಮೇಲೆ?" ಅನ್ನುವರು. ಬರಬರುತ್ತಾ ಕಂಡಿದ್ದು ಸಾಲದೆ ಕಾಣದ್ದೂ ಸೇರಿತು. ನವಿಲೊಂದು ಡೈರಿ ಸೆಕ್ರೆಟರಿಯ ಕನ್ನಡಕ ಎತ್ತಿಕೊಂಡು ಹೋಯಿತಂತೆ, ಈಗ ಹುಣಸೆಮರದಲ್ಲಿ ಕೂತು ಪೇಪರ್ ಓದುತ್ತದಂತೆ. ನೆಲ ದಾಟುವಾಗ ಮಾವನೂ ಪಂಚೆ ಎತ್ತಿ ಹಿಡಿಯತೊಡಗಿದರು. ದೀಪ ಹಚ್ಚುವ ಹೊತ್ತಿನಲ್ಲಿ ಇಬ್ಬರೂ ಹೊಸಿಲ ಮೇಲೆ ಕಾಲು ಇಳಿಬಿಟ್ಟು, ಆ ಇಲ್ಲದ ನೀರಿನ ದಡದಲ್ಲಿ ನಗುತ್ತಾ ಕೂತಿರುತ್ತಿದ್ದರು. ನನ್ನ ಗಂಡ ಮುನಿರಾಜ್ ಒಂದು ದಿನವಾದರೂ ನನ್ನ ಹತ್ತಿರ ಹಾಗೆ ಮಾತಾಡಿದ್ದರೆ ಕೇಳಿ. ನನಗೆ ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ.

ಧನುರ್ಮಾಸದ ಚಳಿಗೆ ಮಾವನ ಗಂಟಲು ಕಟ್ಟಿತು. ಬಾಯಿ ತೆರೆದರೆ ಬರೀ ಗಾಳಿ. ಹತ್ತಿರ ಹೋಗಿ ಕೈ ಹಿಡಿದರೆ ಅತ್ತೆ ಕೊಸರಿಕೊಂಡು ಕಿರುಚಿದರು. "ಅವ್ರೇ ಅತ್ತೆ, ಮಾವ" ಅಂದೆ. "ನಮ್ಮನೆಯವ್ರು ಯಾರು ಅಂತ ನೀನು ನಂಗೆ ಹೇಳಿಕೊಡ್ತೀಯಾ?" ಎಂದು ನನ್ನ ಮೇಲೇ ಹರಿಹಾಯ್ದರು. ಗಂಡ ಬರಲಿ ಎಂದು ತಟ್ಟೆಯ ಮುಂದೆ ಉಣ್ಣದೆ ಕೂರುವರು. ಮಾವ ಮತ್ತೆ ಜಗಲಿಗೇ ಬಿದ್ದರು.

ಗಂಟಲು ಇನ್ನೂ ಬಿಟ್ಟಿರಲಿಲ್ಲ. ಒಂದು ಸಂಜೆ ಅತ್ತೆ ಗೋಡೆ ಸವರಿಕೊಂಡು ತಾವೇ ಜಗಲಿಗೆ ಬಂದರು. ಕಷಾಯದ ಲೋಟ ಹಿಡಿದು ನಾನು ಬಾಗಿಲಲ್ಲೇ ನಿಂತೆ.

"ಅಣ್ಣಾ, ದಿನಾ ಬಂದು ಕೂರ್ತೀರ, ಏನೂ ಕೇಳಲ್ಲ. ಒಂದು ಉಪ್ಕಾರ ಮಾಡ್ತೀರಾ? ನಮ್ಮನೆಯವ್ರು ಡೈರಿಗೆ ಹೋದವ್ರು ಬಂದೇ ಇಲ್ಲ. ಒಸಿ ಹುಡುಕಿ."

ಮಾವ ತಲೆಯಾಡಿಸಿದರು. ಅತ್ತೆ ಆಚೀಚೆ ನೋಡಿ, ಬಾಯಿಗೆ ಸೆರಗು ಅಡ್ಡ ಹಿಡಿದು, ಮದುವೆಯಾದಾಗಿನಿಂದ ನಾಲಿಗೆಗೆ ತಾರದ ಹೆಸರನ್ನು ಮೆಲ್ಲಗೆ ಹೇಳಿದರು.

"ಪಿಳ್ಳಪ್ಪ ಅಂತ."

ನಾನು ಲೋಟವನ್ನು ಹೊಸಿಲ ಮೇಲಿಟ್ಟೆ.

"ಮುಖ ಹೆಂಗೈತೆ ಅಂತ ಕೇಳ್ಬೇಡಿ ಅಣ್ಣಾ, ನಂಗೆ ನೆಪ್ಪಿಗೆ ಬರ್ತಿಲ್ಲ. ಬಾಳ ಮಾತಾಡ್ತಾರೆ. ಅದೇ ಗುರುತು. ಎಲ್ಲಿ ಯಾರು ಬಾಯಿ ಮುಚ್ಚದಂಗೆ ಮಾತಾಡ್ತಾವ್ರೋ, ಅವ್ರೇ ನಮ್ಮನೆಯವ್ರು."

ಮಾವನ ತುಟಿ ಅಲುಗಿತು, ದನಿ ಹೊರಡಲಿಲ್ಲ. ಕಣ್ಣೀರು ಮೀಸೆಗೆ ಇಳಿಯುತ್ತಿತ್ತು. ಅತ್ತೆ ಅದನ್ನೇ ನೋಡುತ್ತಾ ನಿಂತಿದ್ದರು, ಅವರಿಗೆ ಏನು ಕಂಡಿತೋ.

"ಸಿಕ್ಕಿದ್ರೆ, ಬೈಯಲ್ಲ ಅಂತ ಹೇಳಿ" ಅಂದರು.

ಮಾವ ಟವಲನ್ನು ಹೆಗಲಿಗೆ ಹಾಕಿಕೊಂಡು ಜಗಲಿ ಇಳಿದು, ಪಿಳ್ಳಪ್ಪನವರನ್ನು ಹುಡುಕಲು ಡೈರಿಯ ಕಡೆಗೆ ನಡೆದರು.